ಚಿಂತಕರ ಚಾವಡಿಗಳು ಕೈಜೋಡಿಸಿದರೆ ದೇಶ ದೇಶಗಳ ನಡುವೆ ನಿಜಕ್ಕೂ ಏನಾದರೂ ಆಗುತ್ತದಾ?

ಗಂಗೋತ್ರಿ_ಹುಡುಗಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ರಾಜ್ಯಶಾಸ್ತ್ರ ಎಂ.ಎ. ಓದುತ್ತಿದ್ದೇನೆ, ಕೊನೆಯ ವರ್ಷ. ಕಿರುಪ್ರಬಂಧಕ್ಕೆ ‘ಥಿಂಕ್ ಟ್ಯಾಂಕ್‌ಗಳ ಸಹಭಾಗಿತ್ವ ಮತ್ತು ರಾಜತಾಂತ್ರಿಕತೆ’ ಅಂತ ಬರೆದುಕೊಟ್ಟಿದ್ದೆ. ಥಿಂಕ್ ಟ್ಯಾಂಕ್ ಅಂದರೆ ನೀತಿಗಳ ಬಗ್ಗೆ ಅಧ್ಯಯನ ಮಾಡಿ ಸಲಹೆ ಕೊಡುವ ಸಂಸ್ಥೆ, ಕನ್ನಡದಲ್ಲಿ ಚಿಂತಕರ ಚಾವಡಿ. ಗೈಡ್ ಮೇಡಂ ಓದಿ, ‘ಇಷ್ಟು ಅಗಲ ಇದ್ದರೆ ಬರೆಯೋಕಾಗಲ್ಲ ಕಣಮ್ಮ, ಯಾವುದಾದರೂ ಒಂದನ್ನ ಗಟ್ಟಿಯಾಗಿ ಹಿಡ್ಕೊಂಡು ಬಾ’ ಅಂದರು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಈ ವಿಷಯ ತಲೆಗೆ ಹೊಕ್ಕಿದ್ದು ನಮ್ಮೂರಿನಿಂದಲೇ. 2023ರ ಜುಲೈ 31ರಿಂದ ಆಗಸ್ಟ್ 2ರವರೆಗೆ ಮೈಸೂರಿನಲ್ಲಿ ಥಿಂಕ್20 ಶೃಂಗಸಭೆ ನಡೆಯಿತು. ಜಿ20 ದೇಶಗಳ ಥಿಂಕ್ ಟ್ಯಾಂಕ್‌ಗಳು ಒಟ್ಟು ಸೇರಿ ಸರ್ಕಾರಗಳಿಗೆ ಸಲಹೆ ಬರೆದುಕೊಡುವ ವೇದಿಕೆ ಅದು. 2012ರಲ್ಲಿ ಮೆಕ್ಸಿಕೊ ಅಧ್ಯಕ್ಷತೆಯ ಕಾಲದಲ್ಲಿ ಶುರುವಾಗಿದ್ದು. ಭಾರತದ ಸರದಿಯಲ್ಲಿ ಏಳು ಕಾರ್ಯಪಡೆಗಳಿದ್ದವು, ರಾಶಿ ನೀತಿ ಟಿಪ್ಪಣಿಗಳು ಬಂದವು, ಕೊನೆಗೆ ಮೈಸೂರಿನಲ್ಲಿ ಒಂದು ಜಂಟಿ ಹೇಳಿಕೆ ಹೊರಟಿತು. ಆಗ ನಾನು ಡಿಗ್ರಿಯಲ್ಲಿದ್ದೆ. ರಸ್ತೆ ಬದಿಯ ಫಲಕ ನೋಡಿದ್ದು ಬಿಟ್ಟರೆ ಒಳಗೆ ಏನು ನಡೆಯಿತು ಅಂತ ನಮ್ಮ ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈಗ ಆ ಹೇಳಿಕೆ ಓದಿದೆ. ಒಪ್ಪಬಹುದಾದ ಮಾತುಗಳೇ ಇವೆ. ಆದರೆ ಆ ಹಾಳೆ ಕೊನೆಗೆ ಯಾರ ಮೇಜಿನ ಮೇಲೆ ಹೋಯಿತು? ಓದಿದವರು ಯಾರು? ಎರಡು ದೇಶಗಳ ಸಂಶೋಧಕರು ಕೂತು ಮಾತಾಡಿದ್ದರಿಂದ ಸರ್ಕಾರಗಳು ಏನನ್ನಾದರೂ ಬದಲಿಸಿದ ಒಂದು ಉದಾಹರಣೆ ಹೇಳಿ. ಹಾಗೇ, ಬದಲಾಗದೆ ಉಳಿದ ಒಂದನ್ನೂ.

ದಿಲ್ಲಿ_ಹದಿಮೂರು_ವರ್ಷ (ಶಿವಮೊಗ್ಗ)

ಗಂಗೋತ್ರಿ, ನಾನು ದೆಹಲಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹದಿಮೂರು ವರ್ಷ ಇದ್ದು ಈಗ ಊರಿಗೆ ವಾಪಸ್ ಬಂದಿದ್ದೇನೆ. ಸಂಸ್ಥೆಯ ಹೆಸರು ಬೇಡ, ಕಂಡದ್ದು ಹೇಳುತ್ತೇನೆ.

ನಮ್ಮ ಕಪಾಟಿನಲ್ಲಿ ವಿದೇಶಿ ಸಂಸ್ಥೆಗಳ ಜೊತೆಗಿನ ಒಡಂಬಡಿಕೆಗಳ ಒಂದು ದಪ್ಪ ಫೈಲ್ ಇತ್ತು. ನಿಯೋಗ ಬರುತ್ತದೆ, ಶಾಲು ಹೊದಿಸುತ್ತೇವೆ, ಸಹಿ ಬೀಳುತ್ತದೆ, ಎರಡೂ ರಾಯಭಾರ ಕಚೇರಿಗಳು ಫೋಟೊ ಹಾಕುತ್ತವೆ. ಮರುವರ್ಷ ಅವರ ಕಡೆ ನಿರ್ದೇಶಕರು ಬದಲಾಗುತ್ತಾರೆ, ನಮ್ಮ ಮೇಲ್‌ಗೆ ಉತ್ತರ ಬರುವುದಿಲ್ಲ. ಆ ಫೈಲಿನಲ್ಲಿದ್ದ ಬಹುಪಾಲು ಕಾಗದಗಳ ಕಥೆ ಇಷ್ಟೇ. ಪ್ರಧಾನಿಗಳ ಭೇಟಿಯ ಹೊತ್ತಿಗೆ ‘ಏನಾದರೂ ಸಹಿ ಮಾಡಿಸಬೇಕಲ್ಲ’ ಅಂತ ಆತುರದಲ್ಲಿ ಸಿದ್ಧವಾದವೂ ಅದರಲ್ಲಿದ್ದವು. ಅದನ್ನು ಬರೆದುಕೊಟ್ಟವರಲ್ಲಿ ನಾನೂ ಒಬ್ಬಳು, ಈಗ ನೆನೆದರೆ ಬೇಸರವಾಗುತ್ತದೆ.

ಆದರೆ ಒಂದು ಸಂಸ್ಥೆಯ ಜೊತೆ ಒಂಬತ್ತು ವರ್ಷ ಬಿಡದೆ ಸಭೆ ನಡೆಯಿತು. ಒಂದು ವರ್ಷ ಅವರಲ್ಲಿ, ಒಂದು ವರ್ಷ ನಮ್ಮಲ್ಲಿ. ಬಂದವರು ಹೆಚ್ಚುಕಡಿಮೆ ಅದೇ ಏಳೆಂಟು ಜನ. ಮೊದಲ ಮೂರು ವರ್ಷ ಎಲ್ಲರೂ ತಂತಮ್ಮ ಸರ್ಕಾರದ ಹೇಳಿಕೆಯನ್ನೇ ಓದಿದರು. ನಾಲ್ಕನೇ ವರ್ಷದಿಂದ ಮಾತು ಸಡಿಲವಾಯಿತು. ಒಂದು ಸಲ ಎರಡೂ ದೇಶಗಳ ಸಂಬಂಧ ಕೆಟ್ಟು ಅಧಿಕೃತ ಮಾತುಕತೆ ನಿಂತಿದ್ದಾಗ ಅವರಲ್ಲೊಬ್ಬರು ನಮ್ಮ ಹಿರಿಯರಿಗೆ ಫೋನ್ ಮಾಡಿ, ‘ನಿಮ್ಮ ಮಂತ್ರಿಗಳ ಆ ಮಾತನ್ನು ಇಲ್ಲಿ ಬೆದರಿಕೆ ಅಂತಲೇ ಓದುತ್ತಿದ್ದಾರೆ. ಅವರ ಅರ್ಥ ಅದೇನಾ?’ ಎಂದು ಕೇಳಿದರು. ನಮ್ಮ ಹಿರಿಯರು ಮರುದಿನವೇ ವಿದೇಶಾಂಗ ಸಚಿವಾಲಯವಿದ್ದ ಸೌತ್ ಬ್ಲಾಕಿಗೆ ಹೋಗಿ ಹೇಳಿ ಬಂದರು. ಆ ಒಂದು ಫೋನ್ ಕರೆಗಾಗಿ ಒಂಬತ್ತು ವರ್ಷದ ಚಹಾ, ವಿಮಾನದ ಟಿಕೆಟ್ ಎಲ್ಲ ಖರ್ಚು ಮಾಡಿದ್ದು ಸಾರ್ಥಕ ಅನ್ನಿಸಿತು ನನಗೆ.

ಸರ್ಕಾರಗಳೇ ಎದುರು ಕೂತು ಮಾತಾಡಿದರೆ ಅದು ಟ್ರ್ಯಾಕ್ ಒನ್. ಅಧಿಕಾರದಲ್ಲಿ ಇಲ್ಲದವರು ಕೂತರೆ ಟ್ರ್ಯಾಕ್ ಟು. ಅಮೆರಿಕದ ರಾಜತಾಂತ್ರಿಕ ಜೋಸೆಫ್ ಮಾಂಟ್‌ವಿಲ್ 1981ರಲ್ಲಿ ಬಳಕೆಗೆ ತಂದ ಮಾತು ಅದು. ಅಧಿಕಾರಿಗಳು ‘ವೈಯಕ್ತಿಕವಾಗಿ’ ಬಂದು ಸಂಶೋಧಕರ ಪಕ್ಕ ಕೂತರೆ ಟ್ರ್ಯಾಕ್ ಒನ್ ಪಾಯಿಂಟ್ ಫೈವ್. ನೀನು ಕೇಳಿದ ಥಿಂಕ್20 ಇದ್ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ. ಅದು ಸರ್ಕಾರಕ್ಕೆ ಬಹಿರಂಗವಾಗಿ ಕೊಡುವ ಮನವಿಯಂಥದ್ದು. ಮುಚ್ಚಿದ ಕೋಣೆಯ ಕೆಲಸವನ್ನು ಅದರಿಂದ ನಿರೀಕ್ಷಿಸಿದರೆ ನಿರಾಶೆಯೇ ಸಿಗುತ್ತದೆ.

ನಿವೃತ್ತ_ಮೇಷ್ಟ್ರು (ಧಾರವಾಡ)

ತಂಗಿ, ನಮ್ಮ ಕಡೆ ಸಂಬಂಧ ಬೆಳಸೂ ಮುಂದ ಏನ್ ಮಾಡ್ತಾರ ನೆನಪ ಮಾಡ್ಕೊ. ಹೆಣ್ಣಿನ ಮನಿಗೆ ನೆಟ್ಟಗ ಹೋಗಿ ಯಾರೂ ಕೇಳೂದಿಲ್ಲ. ಎರಡೂ ಮನಿಗೂ ಬೇಕಾದವರೊಬ್ಬರು ಸುಮ್ಮನ ಮಾತಿನ ನಡುವ ‘ಹಿಂಗೊಂದು ವಿಚಾರ ಬಂದಿತ್ತು ನೋಡ್ರಿ’ ಅಂತ ತೇಲಿಸಿ ಬಿಡ್ತಾರ. ಆ ಕಡೆಯವರು ಒಲ್ಲೆ ಅಂದ್ರ ಯಾರ ಮಾನನೂ ಹೋಗೂದಿಲ್ಲ, ಯಾಕಂದ್ರ ಯಾರೂ ಕೇಳೇ ಇಲ್ಲಲ್ಲ! ಟ್ರ್ಯಾಕ್ ಟು ಅಂದ್ರ ನಾ ತರಗತಿಯೊಳಗ ಹಿಂಗ ಹೇಳ್ತಿದ್ದೆ. ಹುಡುಗರಿಗೆ ಮರುದಿನಾನೂ ನೆನಪ ಇರ್ತಿತ್ತು.

ಇನ್ನ ಇತಿಹಾಸಕ್ಕ ಬರ್ತೀನಿ. ಇದು ಪಶ್ಚಿಮದವರು ಕಲಿಸಿದ ವಿದ್ಯೆ ಅಂತ ಬರೀಬ್ಯಾಡ. 1947ರ ಮಾರ್ಚ್ 23ರಿಂದ ಏಪ್ರಿಲ್ 2ರ ತನಕ ದೆಹಲಿಯ ಪುರಾನಾ ಕಿಲಾದೊಳಗ ಏಷ್ಯನ್ ರಿಲೇಶನ್ಸ್ ಕಾನ್ಫರೆನ್ಸ್ ನಡೀತು. ನಮಗ ಸ್ವಾತಂತ್ರ್ಯ ಬರಲಿಕ್ಕೆ ಇನ್ನೂ ತಿಂಗಳುಗಳಿದ್ದವು. ಅದನ್ನ ಕರೆದದ್ದು ಸರ್ಕಾರ ಅಲ್ಲ, ಇಂಡಿಯನ್ ಕೌನ್ಸಿಲ್ ಆಫ್ ವರ್ಲ್ಡ್ ಅಫೇರ್ಸ್, 1943ರಾಗ ಹುಟ್ಟಿದ ಸಂಸ್ಥೆ. ನೆಹರೂ ಹಿಂದ ಇದ್ರು, ಸರೋಜಿನಿ ನಾಯ್ಡು ಅಧ್ಯಕ್ಷರು, ಗಾಂಧೀಜಿ ಕೊನೆಗೆ ಬಂದು ಮಾತಾಡಿದ್ರು. ಇಂಡೋನೇಷ್ಯಾದಿಂದ ಸುತಾನ್ ಶಹ್ರಿರ್ ಬಂದ್ರು, ಅವರ ದೇಶ ಆವಾಗ ಡಚ್ಚರ ಜೋಡಿ ಹೋರಾಟದೊಳಗಿತ್ತು. ವಸಾಹತು ಆಗಿದ್ದ ದೇಶವೊಂದು ಇನ್ನೊಂದು ವಸಾಹತಿನ ಜೋಡಿ ಅಧಿಕೃತವಾಗಿ ಹೆಂಗ ಮಾತಾಡಬೇಕು? ಆ ಬಾಗಿಲು ಮುಚ್ಚಿತ್ತು. ಅಧ್ಯಯನ ಸಂಸ್ಥೆಯೊಂದು ಪಕ್ಕದ ಬಾಗಿಲು ತಗೀತು.

ಮತ್ತ ಅಲ್ಲೇ ಅದರ ಮಿತಿನೂ ಕಂಡಿತು. ಟಿಬೆಟ್ಟಿನ ನಿಯೋಗ ಬಂದಿತ್ತು. ಸಭೆಯ ನಕಾಶೆಯೊಳಗ ಟಿಬೆಟ್ ಬ್ಯಾರೆ ಕಾಣಿಸಿತ್ತು. ಚೀನಾ ನಿಯೋಗ ತಕರಾರು ತಗೀತು. ‘ಇದು ಬರೇ ವಿದ್ವಾಂಸರ ಸಭೆ’ ಅಂತ ಎಷ್ಟು ಹೇಳಿದ್ರೂ ನಕಾಶೆಯ ಮುಂದ ಎಲ್ಲಾರೂ ಸರ್ಕಾರದ ಮಂದೀನೇ ಆಗ್ತಾರ.

ಅದೇ ಕೌನ್ಸಿಲ್ ಈಗ 2001ರ ಸಂಸತ್ತಿನ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಮಹತ್ವದ ಸಂಸ್ಥೆ. ಉಪರಾಷ್ಟ್ರಪತಿಗಳು ಪದನಿಮಿತ್ತ ಅಧ್ಯಕ್ಷರು. ಅಂದ್ರ ಹೊರಗಿದ್ದದ್ದು ಒಳಗ ಬಂತು. ಇದರಿಂದ ಗಳಿಸಿದ್ದೇನು, ಕಳಕೊಂಡಿದ್ದೇನು ಅನ್ನೂದನ್ನೂ ಒಂದು ಅಧ್ಯಾಯ ಮಾಡಬಹುದು ನೋಡು.

ಆಸ್ಲೊ_ವಾಸಿ (ನಾರ್ವೆ, ಮೂಲ ಸಾಗರ)

ಮೇಷ್ಟ್ರು ಹೇಳಿದ ಮಧ್ಯಸ್ಥರ ಮಾತು ಓದಿ ನಾನು ಇರುವ ಊರಿನ ಕಥೆಯನ್ನೇ ಬರೆಯಬೇಕು ಅನ್ನಿಸಿತು. ಹದಿನಾರು ವರ್ಷದಿಂದ ಇಲ್ಲಿದ್ದೇನೆ. ವೃತ್ತಿ ಬೇರೆ, ಆದರೆ ಇದನ್ನು ಆಸಕ್ತಿಯಿಂದ ಓದಿಕೊಂಡಿದ್ದೇನೆ.

‘ಸರ್ಕಾರಗಳು ಬದಲಿಸಿದ ಒಂದು ಉದಾಹರಣೆ’ ಕೇಳಿದ್ದೀರಿ. ಫಾಫೊ ಅಂತ ಇಲ್ಲೊಂದು ಸಂಶೋಧನಾ ಸಂಸ್ಥೆ. ನಾರ್ವೆಯ ಕಾರ್ಮಿಕ ಸಂಘಟನೆ 1982ರಲ್ಲಿ ಕಟ್ಟಿದ್ದು. ಅವರ ಕಸುಬು ಕೂಲಿ, ಮನೆ, ಆರೋಗ್ಯ, ಜೀವನಮಟ್ಟ ಇಂಥವುಗಳ ಸಮೀಕ್ಷೆ. 90ರ ದಶಕದ ಆರಂಭದಲ್ಲಿ ಗಾಜಾ ಮತ್ತು ಪಶ್ಚಿಮ ದಂಡೆಯ ಜನರ ಬದುಕಿನ ಸ್ಥಿತಿಗತಿ ಬಗ್ಗೆ ದೊಡ್ಡ ಸಮೀಕ್ಷೆ ಕೈಗೆತ್ತಿಕೊಂಡರು. ಅದಕ್ಕಾಗಿ ಇಸ್ರೇಲಿಗಳ ಜೊತೆಯೂ ಪ್ಯಾಲೆಸ್ಟೀನಿಯರ ಜೊತೆಯೂ ಒಡನಾಟ ಬೇಕಾಯಿತು. ಮನೆ ಮನೆಗೆ ಹೋಗಿ ನೀರು ಎಷ್ಟು ಬರುತ್ತದೆ, ಕೆಲಸ ಇದೆಯಾ ಅಂತ ಕೇಳುವವರನ್ನು ಯಾರು ಅನುಮಾನಿಸುತ್ತಾರೆ?

ಆಗ ಅಧಿಕೃತ ಮಾತುಕತೆ ಇರಲಿಲ್ಲವೆಂದಲ್ಲ. 1991ರ ಮ್ಯಾಡ್ರಿಡ್ ಸಮ್ಮೇಳನದ ನಂತರ ವಾಷಿಂಗ್ಟನ್‌ನಲ್ಲಿ ಸುತ್ತಿನ ಮೇಲೆ ಸುತ್ತು ನಡೆಯುತ್ತಿತ್ತು. ಹೊರಗೆ ಕ್ಯಾಮೆರಾಗಳ ಸಾಲು, ಒಳಗೆ ಯಾರೂ ಒಂದು ಹೆಜ್ಜೆ ಹಿಂದೆ ಇಡುವ ಹಾಗಿಲ್ಲ. ಪ್ಯಾಲೆಸ್ಟೀನಿಯರ ವಿಮೋಚನಾ ಸಂಘಟನೆ ಪಿಎಲ್ಒ ಜೊತೆ ಇಸ್ರೇಲಿಗಳು ಮಾತಾಡುವುದೇ ಅವರ ಕಾನೂನಿನ ಪ್ರಕಾರ ಅಪರಾಧ. ಆ ಕಾನೂನು ರದ್ದಾಗಿದ್ದು 1993ರ ಜನವರಿಯಲ್ಲಿ. ಅದೇ ತಿಂಗಳು ಆಸ್ಲೊದ ದಕ್ಷಿಣಕ್ಕಿರುವ ಸಾರ್ಪ್ಸ್‌ಬೋರ್ಗ್ ಎಂಬ ಕಾರ್ಖಾನೆ ಪಟ್ಟಣದ ಒಂದು ಹಳೇ ಬಂಗಲೆಯಲ್ಲಿ ಸಭೆ ಸೇರಿತು. ಹೊರಗಿನವರಿಗೆ ಅದು ಫಾಫೊ ಏರ್ಪಡಿಸಿದ ಸಂಶೋಧಕರ ವಿಚಾರಗೋಷ್ಠಿ. ಇಸ್ರೇಲ್ ಕಡೆಯಿಂದ ಬಂದವರು ಯಾಯಿರ್ ಹಿರ್ಷ್‌ಫೆಲ್ಡ್ ಮತ್ತು ರಾನ್ ಪುಂಡಾಕ್, ಇಬ್ಬರೂ ವಿದ್ವಾಂಸರು. ಎದುರಿಗೆ ಪಿಎಲ್ಒದ ಅಹ್ಮದ್ ಖುರೇ, ಜನ ಅಬು ಅಲಾ ಅನ್ನುತ್ತಿದ್ದರು. ಆತಿಥ್ಯ ಫಾಫೊ ಮುಖ್ಯಸ್ಥ ಟೆರ್ಯೆ ರ‍್ಯೋಡ್-ಲಾರ್ಸೆನ್ ಅವರದು. ನಾರ್ವೆಯ ವಿದೇಶಾಂಗ ಇಲಾಖೆ ಹಿಂದೆ ನಿಂತಿತ್ತು.

ನೋಡಿ, ಎರಡೂ ಕಡೆಯವರು ಸಮಾನ ದರ್ಜೆಯವರಲ್ಲ. ಒಂದು ಕಡೆ ಅಧಿಕಾರವಿಲ್ಲದ ಪ್ರಾಧ್ಯಾಪಕರು, ಇನ್ನೊಂದು ಕಡೆ ಸಂಘಟನೆಯ ದೊಡ್ಡ ಪದಾಧಿಕಾರಿ. ಹದಗೆಟ್ಟರೆ ಇಸ್ರೇಲ್ ‘ಅವರು ಯಾರೋ, ನಮಗೆ ಗೊತ್ತಿಲ್ಲ’ ಅನ್ನಬಹುದಿತ್ತು. ಒಂದೇ ಮೇಜಿನಲ್ಲಿ ಊಟ, ಒಂದೇ ಛಾವಣಿಯಡಿ ನಿದ್ದೆ. ಮಾತು ಗಟ್ಟಿಯಾಗುತ್ತಿದೆ ಅನ್ನಿಸಿದ ಮೇಲೆಯೇ, ಮೇ ತಿಂಗಳಲ್ಲಿ, ಇಸ್ರೇಲ್ ವಿದೇಶಾಂಗ ಇಲಾಖೆಯ ಮಹಾನಿರ್ದೇಶಕ ಉರಿ ಸವಿರ್ ಬಂದು ಕೂತರು. ಜೂನ್‌ನಲ್ಲಿ ವಕೀಲ ಜೋಯಲ್ ಸಿಂಗರ್ ಬಂದು ಪ್ರತಿ ಸಾಲನ್ನೂ ಕೆದಕಿದರು. ಅಲ್ಲಿಗೆ ಅದು ಗೋಷ್ಠಿಯಾಗಿ ಉಳಿಯಲಿಲ್ಲ. ಸೆಪ್ಟೆಂಬರ್ 13ರಂದು ಶ್ವೇತಭವನದ ಹುಲ್ಲುಹಾಸಿನ ಮೇಲೆ ಆಸ್ಲೊ ಒಪ್ಪಂದಕ್ಕೆ ಸಹಿ ಬಿತ್ತು, ಇಸ್ರೇಲ್ ಪ್ರಧಾನಿ ರಾಬಿನ್ ಮತ್ತು ಪಿಎಲ್ಒ ಮುಖ್ಯಸ್ಥ ಅರಾಫತ್ ಕೈಕುಲುಕಿದರು. ಸಾರ್ಪ್ಸ್‌ಬೋರ್ಗ್‌ನಿಂದ ಅಲ್ಲಿಗೆ ಎಂಟು ತಿಂಗಳು.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯ. ಜೆರುಸಲೇಮ್, ನಿರಾಶ್ರಿತರು, ಇಸ್ರೇಲಿ ವಸಾಹತುಗಳು, ಗಡಿ, ಈ ನಾಲ್ಕನ್ನೂ ‘ಆಮೇಲೆ ನೋಡೋಣ’ ಅಂತ ಬದಿಗಿಟ್ಟಿದ್ದರು. ಆ ‘ಆಮೇಲೆ’ ಇವತ್ತಿನವರೆಗೂ ಬಂದಿಲ್ಲ. ಇಲ್ಲಿನ ಇತಿಹಾಸಕಾರ್ತಿ ಹಿಲ್ಡೆ ಹೆನ್ರಿಕ್ಸೆನ್ ವಾಗೆ ಸರ್ಕಾರಿ ಕಡತ ಹುಡುಕಿಕೊಂಡು ಹೋದಾಗ ಆ ನಿರ್ಣಾಯಕ ತಿಂಗಳುಗಳ ದಾಖಲೆಗಳೇ ಸಿಗಲಿಲ್ಲ. ಸಣ್ಣ ದೇಶದ ಮಧ್ಯಸ್ಥ ಬಲವಿದ್ದವರ ಇಷ್ಟವನ್ನು ಮೀರಲು ಸಾಧ್ಯವಿರಲಿಲ್ಲ, ಒಪ್ಪಂದ ಇಸ್ರೇಲ್ ಕಡೆಗೇ ವಾಲಿತು ಎನ್ನುವುದು ಅವರ ವಾದ. ಗಾಜಾದ ಸುದ್ದಿ ನೋಡುವಾಗೆಲ್ಲ ನನಗೆ ಆ ವಾದ ನೆನಪಾಗುತ್ತದೆ.

ಕೋಲಾರದ_ಓದುಗ

ಆಸ್ಲೊ ಸರ್, ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ. ನಾನು ಬೇರೆ ತುದಿಯಿಂದ ಕೇಳುತ್ತೇನೆ: ಚಾವಡಿಗೆ ಎಣ್ಣೆ ಬತ್ತಿ ಹಾಕುವವರು ಯಾರು?

2014ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ತನಿಖಾ ವರದಿ ಪ್ರಕಟಿಸಿತು. ವಾಷಿಂಗ್ಟನ್‌ನ ಹೆಸರಾಂತ ಬ್ರೂಕಿಂಗ್ಸ್ ಸಂಸ್ಥೆಗೆ ನಾಲ್ಕು ವರ್ಷಕ್ಕೆ 1.48 ಕೋಟಿ ಡಾಲರ್ ಕೊಡಲು ಕತಾರ್ ಒಪ್ಪಿದ್ದು ಅದರಲ್ಲಿತ್ತು. ನೀವಿರುವ ನಾರ್ವೆಯೂ ಅದರಲ್ಲಿತ್ತು. ಅಮೆರಿಕದ ವಿದೇಶಿ ನೆರವು ಹೆಚ್ಚಿಸುವಂತೆ ಅಲ್ಲಿನ ಅಧಿಕಾರಿಗಳ ಮನವೊಲಿಸಲು ನಾರ್ವೆ ಒಂದು ಸಂಸ್ಥೆಗೆ 50 ಲಕ್ಷ ಡಾಲರ್ ಕೊಟ್ಟಿತ್ತು ಅಂತ ವರದಿ ಹೇಳಿತು. ಸಂಸ್ಥೆಗಳು ತಮ್ಮ ಸಂಶೋಧನೆ ಸ್ವತಂತ್ರವೇ ಎಂದು ಉತ್ತರಿಸಿದವು. ಇರಬಹುದು. ಆದರೆ ಓದುಗನಿಗೆ ಕೊಟ್ಟವರ ಹೆಸರು ಗೊತ್ತಿಲ್ಲದಿದ್ದರೆ ಸ್ವತಂತ್ರವೋ ಅಲ್ಲವೋ ಅಂತ ಅಳೆಯುವುದು ಹೇಗೆ?

ನೀವು ಹೇಳಿದ ರ‍್ಯೋಡ್-ಲಾರ್ಸೆನ್ ಅವರೇ ಆಮೇಲೆ ನ್ಯೂಯಾರ್ಕಿನ ಇಂಟರ್‌ನ್ಯಾಷನಲ್ ಪೀಸ್ ಇನ್‌ಸ್ಟಿಟ್ಯೂಟ್ ಮುಖ್ಯಸ್ಥರಾದರು. 2020ರಲ್ಲಿ, ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾಗಿದ್ದ ಅಮೆರಿಕದ ಶ್ರೀಮಂತ ಜೆಫ್ರಿ ಎಪ್‌ಸ್ಟೀನ್ ಜೊತೆಗಿನ ಹಣದ ನಂಟು ಬಯಲಾಗಿ ರಾಜೀನಾಮೆ ಕೊಡಬೇಕಾಯಿತು. ಶಾಂತಿಯ ಹೆಸರಿನ ಸಂಸ್ಥೆಗೂ ದುಡ್ಡು ಎಲ್ಲಿಂದಲೋ ಬರಲೇಬೇಕು, ಮತ್ತು ಮುಚ್ಚಿದ ಬಾಗಿಲಿನ ಅಭ್ಯಾಸ ಆದವರಿಗೆ ಲೆಕ್ಕ ತೋರಿಸುವ ಅಭ್ಯಾಸ ತಪ್ಪಿಹೋಗುತ್ತದೆ.

ನಮ್ಮಲ್ಲಿ? 2016ರಲ್ಲಿ ಶುರುವಾದ, ವಿದೇಶಾಂಗ ವಿಷಯಗಳ ದೆಹಲಿಯ ಸಮಾವೇಶ ರೈಸಿನಾ ಡೈಲಾಗ್ ನಡೆಸುವುದು ಒಬ್ಸರ್ವರ್ ರಿಸರ್ಚ್ ಫೌಂಡೇಶನ್, ಜೊತೆಗೆ ವಿದೇಶಾಂಗ ಸಚಿವಾಲಯ. ಆ ಫೌಂಡೇಶನ್ 1990ರಲ್ಲಿ ರಿಲಯನ್ಸ್ ಬೆಂಬಲದಿಂದ ಹುಟ್ಟಿದ್ದು. ಕಂಪನಿ, ಸಚಿವಾಲಯ, ಸಂಶೋಧಕ, ಮೂವರೂ ಒಂದೇ ವೇದಿಕೆಯಲ್ಲಿದ್ದಾಗ ಸರ್ಕಾರಕ್ಕೆ ಇಷ್ಟವಾಗದ ಮಾತನ್ನು ಅಲ್ಲಿ ಆಡುವವರು ಯಾರು? ಇದು ಆರೋಪ ಅಲ್ಲ. ಪ್ರಬಂಧ ಬರೆಯುವವರು ಈ ಪ್ರಶ್ನೆ ಬಿಟ್ಟರೆ ಅರ್ಧ ಬಿಟ್ಟಂತೆ.

ದಿಲ್ಲಿ_ಹದಿಮೂರು_ವರ್ಷ

ಕೋಲಾರದವರ ಪ್ರಶ್ನೆಯನ್ನು ನಾನು ಒಳಗಿದ್ದಾಗಲೇ ಕೇಳಿಕೊಳ್ಳುತ್ತಿದ್ದೆ. ದಾನಿ ಬಂದು ‘ಹೀಗೆ ಬರೆಯಿರಿ’ ಅಂದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಕಂಡದ್ದು ಇನ್ನೂ ಮೆತ್ತಗಿನದು. ಯಾವ ವಿಷಯಕ್ಕೆ ಹಣ ಸಿಗುತ್ತದೋ ಆ ವಿಷಯದ ಬಗ್ಗೆ ಸಭೆ ನಡೆಯುತ್ತದೆ, ಸಿಗದ ವಿಷಯ ಯಾರ ಕಾರ್ಯಸೂಚಿಗೂ ಬರುವುದಿಲ್ಲ. ಇಂಡೋ-ಪೆಸಿಫಿಕ್ ಬಗ್ಗೆ ವರ್ಷಕ್ಕೆ ಹತ್ತು ಸಭೆಗೆ ಕರೆ ಬರುತ್ತಿತ್ತು. ಕೊಲ್ಲಿ ದೇಶಗಳಲ್ಲಿರುವ ನಮ್ಮ ಕಾರ್ಮಿಕರ ಕೂಲಿ ಬಗ್ಗೆ ಅಲ್ಲಿನ ಸಂಸ್ಥೆಯೊಂದರ ಜೊತೆ ಸೇರಿ ಅಧ್ಯಯನ ಮಾಡೋಣ ಅಂತ ಎರಡು ಸಲ ಪ್ರಸ್ತಾವ ಬರೆದೆ. ಭಟ್ಕಳ, ಮಂಗಳೂರು ಕಡೆಯ ಎಷ್ಟು ಮನೆಗಳ ಒಲೆ ಆ ದುಡ್ಡಿನಿಂದ ಉರಿಯುತ್ತದೆ! ಎರಡು ಸಲವೂ ದುಡ್ಡು ಹುಟ್ಟಲಿಲ್ಲ.

ಇನ್ನೊಂದು ಮಗ್ಗುಲೂ ಇದೆ. ವಿದೇಶಿ ಹಣ ಪೂರ್ತಿ ನಿಂತರೂ ಕಷ್ಟವೇ. 1973ರಲ್ಲಿ ಹುಟ್ಟಿದ ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ (ಸಿಪಿಆರ್) ಸಂಸ್ಥೆಗೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ 2023ರ ಫೆಬ್ರುವರಿಯಲ್ಲಿ ಅಮಾನತಾಯಿತು, 2024ರ ಜನವರಿಯಲ್ಲಿ ರದ್ದಾಯಿತು. ಸರಿ ತಪ್ಪು ನ್ಯಾಯಾಲಯದ ಮಾತು. ಆದರೆ ವಿದೇಶಿ ಸಂಸ್ಥೆಯ ಜೊತೆ ಸರಿಸಮನಾಗಿ ಕೂರಬೇಕಾದವರ ಕೈಯಲ್ಲಿ ಹಣವೇ ಇಲ್ಲದಿದ್ದರೆ, ಕರೆದಲ್ಲಿಗೆ ಹೋಗಿ ಕೊಟ್ಟ ಕುರ್ಚಿಯಲ್ಲಿ ಕೂರುವುದಷ್ಟೇ ಉಳಿಯುತ್ತದೆ.

ನಿರ್ವಾಹಕ

ಸಿಪಿಆರ್ ವಿಷಯದಲ್ಲಿ ಪಕ್ಷಗಳ ಜಗಳ ಎಳೆದುತಂದ ಮೂರು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ವಿಷಯಕ್ಕೆ ಅಂಟಿಕೊಂಡು ಬರೆಯಿರಿ, ಕೇಳಿದ ಹುಡುಗಿಗೆ ಉಪಯೋಗ ಆಗಲಿ.

ಪೆರ್ಡೂರಿನ_ಮಗಳು (ಸಿಂಗಪುರ)

ನಾನು ಇಲ್ಲಿನ ಚಿತ್ರ ಸ್ವಲ್ಪ ಹೇಳ್ತೇನೆ. ಇಲ್ಲಿ ಪ್ರತಿವರ್ಷ ಶಾಂಗ್ರಿ-ಲಾ ಡೈಲಾಗ್ ಅಂತ ರಕ್ಷಣಾ ವಿಷಯದ ಸಮಾವೇಶ ಆಗ್ತದೆ, 2002ರಿಂದ. ನಡೆಸುವುದು ಲಂಡನ್‌ನ ಇಂಟರ್‌ನ್ಯಾಷನಲ್ ಇನ್‌ಸ್ಟಿಟ್ಯೂಟ್ ಫಾರ್ ಸ್ಟ್ರಾಟೆಜಿಕ್ ಸ್ಟಡೀಸ್. ಯೋಚಿಸಿ, ಖಾಸಗಿ ಸಂಸ್ಥೆಯೊಂದು ಕರೆದರೆ ಅಮೆರಿಕ, ಚೀನಾದ ರಕ್ಷಣಾ ಸಚಿವರು ಒಂದೇ ಹೋಟೆಲಿಗೆ ಬಂದದ್ದುಂಟು. ವೇದಿಕೆಯ ಭಾಷಣ ಟಿವಿಗೆ. ಅಸಲು ಕೆಲಸ ಮೇಲಿನ ಮಹಡಿಯ ಕೋಣೆಗಳಲ್ಲಿ. ಯಾರು ಯಾರನ್ನು ಭೇಟಿಯಾಗಲಿಕ್ಕೆ ಒಪ್ಪಿದರು ಅಂತ ಪತ್ರಕರ್ತರು ಎಣಿಸ್ತಾ ಕೂತಿರ್ತಾರೆ.

ಆದರೆ ನನಗೆ ಹೆಚ್ಚು ಗೌರವ ಇರುವುದು ಅದಕ್ಕಿಂತ ಮುಂಚಿನ, ಸದ್ದಿಲ್ಲದ ಒಂದು ಕೂಟದ ಮೇಲೆ. 1988ರಲ್ಲಿ ಇಂಡೋನೇಷ್ಯಾ, ಮಲೇಷ್ಯಾ, ಫಿಲಿಪ್ಪೀನ್ಸ್, ಸಿಂಗಪುರ, ಥಾಯ್ಲೆಂಡ್ ದೇಶಗಳ ಅಧ್ಯಯನ ಸಂಸ್ಥೆಗಳು ಸೇರಿ ಆಸಿಯಾನ್-ಐಸಿಸ್ ಅಂತ ಒಂದು ಜಾಲ ಮಾಡಿಕೊಂಡವು. ಆಸಿಯಾನ್ ಅಂದರೆ ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟ. ಅವರ ಮಂತ್ರಿಗಳು ಆಗ ಭದ್ರತೆ ಎನ್ನುವ ಶಬ್ದವನ್ನೇ ಅಧಿಕೃತ ಸಭೆಯಲ್ಲಿ ಎತ್ತಲಿಕ್ಕೆ ಹೆದರುತ್ತಿದ್ದರು. 1991ರಲ್ಲಿ ಈ ಸಂಸ್ಥೆಗಳು ಒಂದು ಟಿಪ್ಪಣಿ ಬರೆದು, ಈಗಾಗಲೇ ನಡೆಯುವ ವಿದೇಶಾಂಗ ಸಚಿವರ ಸಭೆಯ ನಂತರವೇ ಭದ್ರತೆಯ ಮಾತುಕತೆಯೂ ಆಗಲಿ ಎಂದು ಸೂಚಿಸಿದವು. 1994ರ ಜುಲೈಯಲ್ಲಿ ಬ್ಯಾಂಕಾಕಿನಲ್ಲಿ ಆಸಿಯಾನ್ ರೀಜನಲ್ ಫೋರಮ್ ಎಂಬ ಸರ್ಕಾರಗಳ ಭದ್ರತಾ ವೇದಿಕೆ ಮೊದಲ ಸಲ ಕೂತಿತು. ಭಾರತ 1996ರಲ್ಲಿ ಸೇರಿತು. ಗಂಗೋತ್ರಿ, ನೀವು ಕೇಳಿದ ‘ಹಾಳೆ ಯಾರ ಮೇಜಿಗೆ ಹೋಯಿತು’ ಎಂಬುದಕ್ಕೆ ಇಲ್ಲಿ ಉತ್ತರ ಉಂಟು. ಆ ಹಾಳೆ ಬರೆದವರು ಆಯಾ ದೇಶದ ಮಂತ್ರಿಗಳ ಜೊತೆ ಬೇಕಾದಾಗ ಹೋಗಿ ಮಾತಾಡುವಷ್ಟು ಸಲುಗೆ ಇದ್ದವರು.

ಇಂಡೋನೇಷ್ಯಾದ ಹಾಸಿಮ್ ಜಲಾಲ್ ಎಂಬ ಕಾನೂನು ತಜ್ಞರು 1990ರಲ್ಲಿ ಬಾಲಿಯಿಂದ ಶುರು ಮಾಡಿ ದಕ್ಷಿಣ ಚೀನಾ ಸಮುದ್ರದ ಬಗ್ಗೆ ಕಾರ್ಯಾಗಾರಗಳನ್ನು ನಡೆಸಿಕೊಂಡು ಬಂದರು. ದ್ವೀಪ ಯಾರದು ಅಂತ ಕೇಳದೆ ಮೀನು, ಹವಳ, ಸಮುದ್ರ ವಿಜ್ಞಾನದ ಬಗ್ಗೆ ಮಾತಾಡಿಸಿದರು. ದ್ವೀಪದ ಜಗಳ ಹಾಗೇ ಉಳಿಯಿತು. ಮೀನಿನ ಬಗ್ಗೆ ಮಾತಾಡುವ ಜನರಾದರೂ ಪರಸ್ಪರ ಪರಿಚಯ ಆದರು. ಮೀನುಗಾರರ ಮನೆಯಲ್ಲಿ ಹುಟ್ಟಿದ ನನಗೆ ಅದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಟಾಟಾ_ಇನ್‌ಸ್ಟಿಟ್ಯೂಟ್_ಸ್ಟಾಪ್ (ಬೆಂಗಳೂರು)

ಕರ್ನಾಟಕದ ನೆಲದಲ್ಲಿ ನಡೆದದ್ದನ್ನೂ ಸೇರಿಸಿಕೊಳ್ಳಮ್ಮ. ಐಐಎಸ್‌ಸಿ ಆವರಣದಲ್ಲೇ ಇರುವ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್, ನಾವು ನಿಯಾಸ್ ಅನ್ನುತ್ತೇವೆ. ಜೆ.ಆರ್.ಡಿ. ಟಾಟಾ ಅವರ ಕನಸು, 1988ರಲ್ಲಿ ಶುರು, ಮೊದಲ ನಿರ್ದೇಶಕರು ನಮ್ಮ ರಾಜಾ ರಾಮಣ್ಣ. 1974ರ ಪೋಖ್ರಾನ್ ಪರೀಕ್ಷೆಯ ಹಿಂದಿದ್ದ ವಿಜ್ಞಾನಿ. 2012ರ ಅಕ್ಟೋಬರ್ ಕೊನೆಯಲ್ಲಿ ನಿಯಾಸ್ ಮತ್ತು ಅಮೆರಿಕದ ನ್ಯಾಷನಲ್ ಅಕಾಡೆಮಿಗಳು ಸೇರಿ ಬೆಂಗಳೂರಿನಲ್ಲಿ ಮೂರು ದಿನ ಕಾರ್ಯಾಗಾರ ನಡೆಸಿದವು. ವಿಷಯ: ನಾಗರಿಕ ಬಳಕೆಯ ಪರಮಾಣು ವಸ್ತುಗಳ ಸುರಕ್ಷತೆ. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ (ಎನ್‌ಪಿಟಿ) ಸಹಿ ಹಾಕದ ದೇಶ ನಮ್ಮದು. ಸಹಿ ಹಾಕಬೇಕೋ ಬೇಡವೋ ಅಂತ ರಾಜಕಾರಣಿಗಳು ಕೂತರೆ ಅವತ್ತೇ ಎದ್ದು ಹೋಗುತ್ತಾರೆ. ವಿಜ್ಞಾನಿಗಳು ಕೂತರೆ ಉಗ್ರಾಣಕ್ಕೆ ಬೇಲಿ ಹೇಗಿರಬೇಕು, ವಸ್ತುವಿನ ಲೆಕ್ಕ ತಪ್ಪದ ಹಾಗೆ ಏನು ಮಾಡಬೇಕು ಅಂತ ಮಾತಾಡುತ್ತಾರೆ. ನಾನು ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಮೂವತ್ತು ವರ್ಷ ಇದ್ದವನು. ಎರಡು ದೇಶದ ಎಂಜಿನಿಯರ್‌ಗಳಿಗೆ ಒಂದು ಕವಾಟದ ನಕ್ಷೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಪೆನ್ನು ಹಿಡಿದು ಪಕ್ಕಪಕ್ಕ ಕೂರುತ್ತಾರೆ.

ಅಣ್ವಸ್ತ್ರಗಳ ಅಪಾಯದ ಬಗ್ಗೆ ವಿಜ್ಞಾನಿಗಳು ಸೇರಿದ 1957ರ ಪಗ್ವಾಶ್ ಸಭೆಯದೂ ಇದೇ ಬೀಜ. ಅದನ್ನು ಮೊದಲು ಭಾರತದಲ್ಲೇ ನಡೆಸಬೇಕು ಅಂತಿತ್ತು, ನೆಹರೂ ಆಹ್ವಾನಿಸಿದ್ದರು. ಸೂಯೆಜ್ ಬಿಕ್ಕಟ್ಟು ಬಂದು ತಪ್ಪಿಹೋಯಿತು. ಕೊನೆಗೆ ಕೆನಡಾದ ಪಗ್ವಾಶ್ ಎಂಬ ಹಳ್ಳಿಯಲ್ಲಿ 22 ಜನ ವಿಜ್ಞಾನಿಗಳು ಸೇರಿದರು. 1995ರಲ್ಲಿ ಆ ಸಂಘಟನೆಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಗಂಗೋತ್ರಿ_ಹುಡುಗಿ

ಎಲ್ಲರ ಬರಹವನ್ನೂ ಎರಡೆರಡು ಸಲ ಓದಿದೆ. ಆಸ್ಲೊ ಕಥೆ ರಾತ್ರಿ ನಿದ್ದೆ ಕೆಡಿಸಿತು. ಆದರೆ ಅದರ ಬಗ್ಗೆ ಪುಸ್ತಕಗಳೇ ಇವೆ, ನಾನು ಹೊಸದಾಗಿ ಏನು ಹೇಳಲಿ? ಭಾರತ ಇರುವ, ಫಲಿಸದೆ ಉಳಿದ ಉದಾಹರಣೆ ಇನ್ನೂ ಯಾರೂ ಹೇಳಿಲ್ಲ. ಭಾರತ-ಪಾಕಿಸ್ತಾನದ ನೀಮ್ರಾಣಾ ಮಾತುಕತೆ ಅಂತ ಒಂದು ಕಡೆ ಓದಿದೆ. ಅದು ಸರಿಹೋಗುತ್ತದಾ ಅಕ್ಕ?

ದಿಲ್ಲಿ_ಹದಿಮೂರು_ವರ್ಷ

ನೀಮ್ರಾಣಾ ಕಷ್ಟ. 1991ರಿಂದ ನಡೆದಿದೆ, ರಾಜಸ್ಥಾನದ ಕೋಟೆಯೊಂದರಲ್ಲಿ ಶುರುವಾಗಿದ್ದಕ್ಕೆ ಆ ಹೆಸರು, 2018ರಲ್ಲೂ ಇಸ್ಲಾಮಾಬಾದ್‌ನಲ್ಲಿ ಸೇರಿದ್ದರು. ಆದರೆ ಒಳಗಿನದು ಕಾಗದದ ಮೇಲೆ ಹೆಚ್ಚು ಸಿಗುವುದಿಲ್ಲ, ಎಂ.ಎ. ಪ್ರಬಂಧಕ್ಕೆ ದಾಖಲೆ ಸಾಲದು.

ನನ್ನ ಸಲಹೆ ಬಿಸಿಐಎಂ. ಬಾಂಗ್ಲಾದೇಶ, ಚೀನಾ, ಭಾರತ, ಮ್ಯಾನ್ಮಾರ್. 1999ರಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದ ಕುನ್ಮಿಂಗ್‌ನಲ್ಲಿ ನಾಲ್ಕೂ ದೇಶದವರು ಸೇರಿದರು. ಯುನ್ನಾನ್‌ನ ಸಮಾಜ ವಿಜ್ಞಾನ ಅಕಾಡೆಮಿ, ಢಾಕಾದ ಸೆಂಟರ್ ಫಾರ್ ಪಾಲಿಸಿ ಡೈಲಾಗ್, ನಮ್ಮ ಕಡೆಯಿಂದ ಮೇಲೆ ಹೇಳಿದ ಅದೇ ಸಿಪಿಆರ್. ಆಮೇಲೆ ದೆಹಲಿಯ ಇನ್‌ಸ್ಟಿಟ್ಯೂಟ್ ಆಫ್ ಚೈನೀಸ್ ಸ್ಟಡೀಸ್ ಹೊಣೆ ಹೊತ್ತಿತು. ವಿಚಾರ ಸರಳವಾಗಿತ್ತು: ಕೊಲ್ಕತ್ತಾದಿಂದ ಢಾಕಾ, ಈಶಾನ್ಯ ಭಾರತ, ಮಾಂಡಲೆ ಮೂಲಕ ಕುನ್ಮಿಂಗ್‌ಗೆ ಸುಮಾರು 2,800 ಕಿ.ಮೀ. ರಸ್ತೆ ತೆರೆದರೆ ಸಮುದ್ರದಿಂದ ದೂರ ಉಳಿದ ಈ ಬಡ ಪ್ರದೇಶಗಳಿಗೆಲ್ಲ ಉಸಿರು ಬರುತ್ತದೆ. ಸಂಶೋಧಕರು ವರ್ಷ ವರ್ಷ ಹೇಳಿದ್ದನ್ನೇ ಹೇಳಿದರು. 2013ರ ಫೆಬ್ರುವರಿಯಲ್ಲಿ ಆ ದಾರಿಯಲ್ಲಿ ಕಾರ್ ರ‍್ಯಾಲಿಯೇ ಹೊರಟಿತು. ಅದೇ ವರ್ಷ ಮೇ ತಿಂಗಳಲ್ಲಿ ಚೀನಾದ ಆಗಿನ ಪ್ರಧಾನಿ ಲಿ ಕೆಚಿಯಾಂಗ್ ದೆಹಲಿಗೆ ಬಂದಾಗ ಎರಡೂ ಸರ್ಕಾರಗಳ ಜಂಟಿ ಹೇಳಿಕೆಯಲ್ಲಿ ಆ ರ‍್ಯಾಲಿಯ ಹೆಸರೂ ಬಂತು, ಆರ್ಥಿಕ ಕಾರಿಡಾರ್ ಎಂಬ ಮಾತೂ ಬಂತು. ಡಿಸೆಂಬರ್‌ನಲ್ಲಿ ಕುನ್ಮಿಂಗ್‌ನಲ್ಲಿ ಸರ್ಕಾರಗಳ ಜಂಟಿ ಅಧ್ಯಯನ ತಂಡ ಕೂತಿತು. ಹದಿನಾಲ್ಕು ವರ್ಷಕ್ಕೆ ಚಾವಡಿಯ ಮಾತು ಸರ್ಕಾರದ ಕಡತಕ್ಕೆ ಬಂತು ಅಂತ ನಾವೆಲ್ಲ ಅವತ್ತು ಸಂಭ್ರಮಪಟ್ಟೆವು.

ಅಷ್ಟರಲ್ಲಿ ಚೀನಾ ದೇಶ ದೇಶಗಳ ನಡುವೆ ರಸ್ತೆ, ರೈಲು, ಬಂದರು ಕಟ್ಟುವ ತನ್ನ ಬೆಲ್ಟ್ ಅಂಡ್ ರೋಡ್ ಯೋಜನೆ ತಂದಿತ್ತು. ಚೀನಾ ಬಿಸಿಐಎಂ ಅನ್ನೂ ಅದರ ತೆಕ್ಕೆಗೆ ಹಾಕಿಕೊಂಡಿತು. ಅದೇ ಯೋಜನೆಯ ಪಾಕಿಸ್ತಾನದ ಕಾರಿಡಾರ್ ನಮ್ಮದೆನ್ನುವ ಕಾಶ್ಮೀರದ ನೆಲದ ಮೇಲೆ ಹಾದುಹೋಗುವುದರಿಂದ 2017ರ ಬೀಜಿಂಗ್ ಸಮಾವೇಶಕ್ಕೆ ಭಾರತ ಹೋಗಲಿಲ್ಲ. 2019ರ ಎರಡನೇ ಸಮಾವೇಶದ ಯೋಜನಾ ಪಟ್ಟಿಯಲ್ಲಿ ಬಿಸಿಐಎಂ ಹೆಸರೇ ಇರಲಿಲ್ಲ. ನಾಲ್ಕು ದೇಶಗಳ ವಿದ್ವಾಂಸರು ಒಟ್ಟಾಗಿ ಬೆಳೆಸಿದ್ದನ್ನು ಒಂದು ದೊಡ್ಡ ದೇಶ ತನ್ನದೆಂದು ಹೆಸರಿಟ್ಟ ದಿನವೇ ಅದು ಕೈತಪ್ಪಿತು ಅನ್ನುವುದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಹಳೆಯ ಸಹೋದ್ಯೋಗಿಗಳು ಇದ್ದಾರೆ. ಈಶಾನ್ಯದ ಭದ್ರತೆಯ ಆತಂಕದಿಂದ ದೆಹಲಿಗೆ ಮೊದಲಿನಿಂದಲೂ ಮನಸ್ಸಿರಲಿಲ್ಲ, ಬೆಲ್ಟ್ ಅಂಡ್ ರೋಡ್ ನೆಪ ಮಾತ್ರ ಅಂತ ಅವರ ವಾದ. ಯಾವುದು ಸರಿ ಅಂತ ನೀನು ನೋಡು. ಸಭೆಗಳ ಕೊನೆಯ ಹೇಳಿಕೆಗಳು ಸಿಗುತ್ತವೆ. ಒಂದೊಂದನ್ನೂ ಅದೇ ವರ್ಷದ ಸರ್ಕಾರಿ ಹೇಳಿಕೆಯ ಪಕ್ಕ ಇಟ್ಟು, ಯಾವ ಪದ ಯಾವಾಗ ಆ ಕಡೆಯಿಂದ ಈ ಕಡೆ ಬಂತು ಅಂತ ಗುರುತು ಹಾಕುತ್ತಾ ಹೋಗು. ನಿನ್ನ ಪ್ರಬಂಧ ಅದೇ.

ಕೋಲಾರದ_ಓದುಗ

ಇದು ಒಳ್ಳೆಯ ದಾರಿ. ಒಂದು ಸೇರಿಸಿ: ಆ ನಾಲ್ಕೂ ಸಂಸ್ಥೆಗಳಿಗೆ ಹಣ ಎಲ್ಲಿಂದ ಬರುತ್ತಿತ್ತು ಅನ್ನುವ ಒಂದು ಕೋಷ್ಟಕ. ಯುನ್ನಾನ್ ಅಕಾಡೆಮಿ ಸರ್ಕಾರದ್ದೇ, ಢಾಕಾದ್ದು ಹಾಗಲ್ಲ. ಮೇಜಿನ ಒಂದು ಬದಿಯಲ್ಲಿ ಸರ್ಕಾರ, ಇನ್ನೊಂದು ಬದಿಯಲ್ಲಿ ಸ್ವತಂತ್ರ ಸಂಶೋಧಕ ಕೂತಾಗ ಆ ಮಾತುಕತೆಯ ತೂಕ ಎಲ್ಲಿ ವಾಲುತ್ತದೆ ಅನ್ನುವುದಕ್ಕೆ ಆಸ್ಲೊ ಸರ್ ಬರೆದದ್ದರ ಜೊತೆ ಹೋಲಿಸಬಹುದು.

ಗಂಗೋತ್ರಿ_ಹುಡುಗಿ

ಬಿಸಿಐಎಂ ಅಂತಲೇ ತೀರ್ಮಾನ ಮಾಡಿದೆ. ಗೈಡ್ ಮೇಡಂಗೆ ಇವತ್ತು ಹೇಳಿದೆ, ಒಪ್ಪಿದರು. ಪ್ರಬಂಧ ಕನ್ನಡದಲ್ಲೇ ಬರೆಯುತ್ತೇನೆ ಅಂದಾಗ ಮಾತ್ರ ಸ್ವಲ್ಪ ಯೋಚಿಸಿ, ‘ಟ್ರ್ಯಾಕ್ ಟುಗೆ ಏನಂತೀಯ?’ ಅಂದರು. ‘ದ್ವಿತೀಯ ಪಥ’ ಅಂತ ಒಂದು ಕಡೆ ನೋಡಿದೆ, ಬಾಯಿಗೆ ಬರುವುದಿಲ್ಲ.

ಪೆರ್ಡೂರಿನ_ಮಗಳು

‘ಕಾಲುದಾರಿ’ ಆಗ್ತದಾ ನೋಡಿ. ಸರ್ಕಾರದ್ದು ಹೆದ್ದಾರಿ, ಇದು ಕಾಲುದಾರಿ.

ನಿವೃತ್ತ_ಮೇಷ್ಟ್ರು

ಕಾಲುದಾರಿ ಛಲೋ ಶಬ್ದ. ನಡುವ ಹೊಲದಾಗ ಯಾರೂ ಗೆರಿ ಹಾಕಿ ಮಾಡಿದ್ದಲ್ಲ ಅದು, ಮಂದಿ ಅಡ್ಡ್ಯಾಡಿ ಅಡ್ಡ್ಯಾಡಿ ಬಿದ್ದದ್ದು. ಒಂದು ಮಳಿಗಾಲ ಯಾರೂ ತುಳೀಲಿಲ್ಲಂದ್ರ ಹುಲ್ಲು ಮುಚ್ಚತದ. ಪ್ರಬಂಧದೊಳಗ ಮೊದಲ ಸಲ ಬಂದಾಗ ‘ಟ್ರ್ಯಾಕ್ ಟು ಎಂದು ಕರೆಯುವ ಕಾಲುದಾರಿ’ ಅಂತ ಬರಿ, ಮುಂದ ಬರೇ ಕಾಲುದಾರಿ ಸಾಕು.

ಮತ್ತ ತಂಗಿ, 1999ರಿಂದ 2013ರ ತನಕ ಈ ವಿಷಯದ ಮ್ಯಾಲ ಪತ್ರಿಕೆಯೊಳಗ ಬಂದ ಕತ್ತರಿಕೆಗಳು ನನ್ನ ಹತ್ತಿರ ಎರಡು ರಟ್ಟಿನ ಡಬ್ಬಿ ತುಂಬ ಅದಾವ. ಗೆದ್ದಲ ಹತ್ತೂ ಮುಂದ ಯಾರರೇ ಉಪಯೋಗ ಮಾಡಿಕೊಂಡ್ರ ಸಮಾಧಾನ. ಧಾರವಾಡಕ್ಕ ಬರೂದಾದ್ರ ಹೇಳು, ವರ್ಷದ ಪ್ರಕಾರ ಜೋಡಿಸಿ ಇಡ್ತೀನಿ.

ಗಂಗೋತ್ರಿ_ಹುಡುಗಿ

ಸರ್, ಪರೀಕ್ಷೆ ಮುಗಿದ ಕೂಡಲೇ ಬರುತ್ತೇನೆ. ದಯವಿಟ್ಟು 2013ರ ಡಬ್ಬಿ ಮೇಲೆ ಇಟ್ಟಿರಿ, ಅಲ್ಲಿಂದಲೇ ಶುರು ಮಾಡಬೇಕು.